ಮೆರುಗಿಗೆ ಮುನ್ನ ಕೊಳಾಯಿ

ಅಮೆರಿಕದ ರಾಷ್ಟ್ರಾಧ್ಯಕ್ಷರಿಗೆ ದಶಕಗಳ ಕಾಲ ವಿಹಾರನೌಕೆಯಾಗಿದ್ದು, 1977ರಲ್ಲಿ ಜಿಮ್ಮಿ ಕಾರ್ಟರರ ಮಿತವ್ಯಯನೀತಿಯಿಂದಾಗಿ ಮಾರಾಟಗೊಂಡು, ಮುಂದೆ ಆರೈಕೆಯಿಲ್ಲದೆ ಜೀರ್ಣವಾದ ‘ಸೆಕ್ವೊಯಾ’ ಎಂಬ 104 ಅಡಿಯ ಮರದ ಮೋಟಾರುನೌಕೆಯನ್ನು 2019ರಲ್ಲಿ ಮೇನ್ ರಾಜ್ಯದ ಬೆಲ್‌ಫಾಸ್ಟಿಗೆ ಜೀರ್ಣೋದ್ಧಾರಕ್ಕೆಂದು ಒಯ್ದರು. 1925ರಲ್ಲಿ ನಿರ್ಮಿತವಾದ ಇಂಥ ನೌಕೆಯೆಂದೊಡನೆ ನೋಡುವವರ ಕಣ್ಣು ಒಳಗಿನ ಮಹಾಗನಿ, ತೇಗಗಳ ಮೆರುಗಿನ ಕಡೆಗೇ ಹರಿಯುವುದು ಸಹಜ. ಆದರೆ ಹಣವು ಮೊದಲು ಹರಿಯಬೇಕಾದುದು ಆ ಹಲಗೆಗಳ ಹಿಂದಿನ ಕೊಳಾಯಿಗಳಿಗೆಂಬುದು ನನ್ನ ದೃಢಾಭಿಪ್ರಾಯ.

ಮರದ ಹಡಗನ್ನು ಕೊಳೆಯಿಸುವುದರಲ್ಲಿ ಕಡಲಿನ ಉಪ್ಪುನೀರಿಗಿಂತ ಸಿಹಿನೀರೇ ಮುಂದು. ಲವಣವು ಶಿಲೀಂಧ್ರವನ್ನು ತಡೆಯುತ್ತದೆ, ಹಲಗೆಯ ಹಿಂದೆ ತೊಟ್ಟಿಕ್ಕುವ ಸಿಹಿನೀರು ಅದನ್ನು ಪೋಷಿಸುತ್ತದೆ. ಕೊಳಾಯಿಗಳ ಹಿತ್ತಾಳೆಯ ಜೋಡಣೆಗಳಾದರೋ, ಸಮುದ್ರಜಲದ ಸಂಸರ್ಗದಲ್ಲಿ ಸತುವನ್ನು ಕಳೆದುಕೊಂಡು, ಹೊರಗೆ ಗಟ್ಟಿಯಾಗಿಯೇ ಕಾಣುತ್ತ, ಚಾಕುವಿನಿಂದ ಕೆರೆದೊಡನೆ ಹಳದಿಯ ಬದಲು ನಸುಗೆಂಪು ಬಣ್ಣವನ್ನು ತೋರಿ, ಸುತ್ತಿಗೆಯ ಲಘುವಾದ ಏಟಿಗೂ ಮುರಿದುಬೀಳುವವು. ಆದ್ದರಿಂದ ಅಲ್ಲಿ ಕಂಚನ್ನು ಬಳಸಿ, ಹಲಗೆಗಳನ್ನು ಅಂಟಿಸದೆ ತಿರುಪುಮೊಳೆಗಳಿಂದ ಕೂರಿಸಿ, ನಾಳೆಯ ಕೆಲಸಗಾರನ ಕೈ ಕೊಳವೆಯನ್ನು ಮುಟ್ಟುವಂತೆ ದಾರಿ ಬಿಡುವುದೇ ವಿವೇಕ.

ಕಣ್ಣಿಗೆ ಕಾಣದ ಕೆಲಸಕ್ಕೆ ಖರ್ಚು ಹೆಚ್ಚಾಯಿತೆಂದು ಗೊಣಗುವ ಧಣಿಯು, ಕೆಲವೇ ವರ್ಷಗಳಲ್ಲಿ ಅದೇ ಮಹಾಗನಿಯನ್ನು ಕೀಳಿಸಿ, ಬಡಗಿಗೂ ಕೊಳಾಯಿಯವನಿಗೂ ಮತ್ತೊಮ್ಮೆ ಕೂಲಿ ತೆರಬೇಕಾಗುವುದು.