ನಮ್ಮ ತಲೆಗೆ ನಾವೇ ಹಾಕ್ಕಂಡ ಟೋಪಿ

ನಮ್ಮ ಅರಸೀಕೆರೆ ಕಡೆ ಬೈಕಿರೋ ಮನೇಲಿ ಎಲ್ಡು ಹೆಲ್ಮೆಟ್ ಇರ್ತವೆ ನೋಡ್ರೀ. ಒಂದು ಗಟ್ಟಿಯಾದ್ದು, ಯಜಮಾನ್ರದ್ದು. ಇನ್ನೊಂದು ಬೋಗುಣಿ ಕವುಚಿದಂಗಿರೋ ಪ್ಲಾಸ್ಟಿಕ್ ಟೋಪಿ, ಹಿಂದೆ ಕೂರೋ ಹೆಂಗಸಿಗೆ. ಅದನ್ನ ತಂದಿದ್ದು ತಲೆ ಉಳಿಸಕ್ಕಲ್ಲ, 500 ರೂಪಾಯಿ ದಂಡ ಉಳಿಸಕ್ಕೆ. ಪೊಲೀಸರಿಗೆ ಟೋಪಿ ಹಾಕಿದ್ವಿ ಅನ್ಕಂತೀವಿ. ಹಾಕ್ಕಂಡಿದ್ದು ನಮಗೇ.

ಹಿಂದೆ ಕೂತೋರಿಗೂ ಹೆಲ್ಮೆಟ್ ಬೇಕು ಅಂತ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದಿದ್ದು 2016ರ ಜನವರೀಲಿ. 2021ರ ಜೂನ್ 1ರಿಂದ ಐಎಸ್‌ಐ ಗುರ್ತಿಲ್ಲದ ಹೆಲ್ಮೆಟ್ ಮಾರಂಗೇ ಇಲ್ಲ. ಆದ್ರೂ ರಸ್ತೆ ಬದೀಲಿ ಸಾಲಾಗಿ ಜೋಡಿಸಿ ಮಾರ್ತಾರೆ, ನಾವೂ ಸೊಪ್ಪು ಚೌಕಾಸಿ ಮಾಡ್ದಂಗೆ ಮಾಡಿ ತರ್ತೀವಿ.

ತೆಂಗಿನಕಾಯಿ ಮರದಿಂದ ಬಿದ್ರೂ ಒಡೆಯಲ್ಲ ಯಾಕೆ? ಮಟ್ಟೆ ಐತೆ ಅದಕ್ಕೆ. ಸುಲಿದ ಕಾಯಿ ಕಲ್ಲಿಗೆ ಬಿದ್ರೆ ಎಲ್ಡು ಹೋಳು. ಅಸಲಿ ಹೆಲ್ಮೆಟ್ ಒಳಗಿನ ದಪ್ಪ ಥರ್ಮಾಕೋಲ್ ಪದರಾನೂ ಹಂಗೇ. ತಾನು ನುಜ್ಜುಗುಜ್ಜಾಗಿ ಪೆಟ್ಟು ನುಂಗ್ಕಳುತ್ತೆ. ಅದಕ್ಕೇ ಒಂದ್ಸಲ ಜೋರು ಏಟು ತಿಂದ ಹೆಲ್ಮೆಟ್ ಮತ್ತೆ ಹಾಕ್ಕಬಾರ್ದು. ಆ ಟೋಪಿ ಒಳಗೆ ಬೆರಳಿಟ್ಟು ನೋಡಿ, ವಸಿ ಸ್ಪಂಜು ಬಿಟ್ರೆ ಏನೂ ಇಲ್ಲ.

"ಸೆಕೆ ಕಣ್ರೀ, ಕತ್ತು ನೋವು, ತುರುಬಿಗೆ ಹಿಡಿಯಲ್ಲ" ಅಂತಾರೆ ಹೆಂಗಸರು. ಅದನ್ನ ಒನಪು ಅಂತ ಆಡ್ಕಳ್ಳೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ರವಿಕೆಗೆ ಅಳತೆ ಕೊಡ್ತೀವಿ, ಚಪ್ಲಿ ಎರಡು ಸಲ ಮೆಟ್ಟಿ ನೋಡ್ತೀವಿ. ಹೆಲ್ಮೆಟ್ ಮಾತ್ರ ಯಾರೋ ತಂದು ಕೈಗೆ ಕೊಡೋದು! ಹುಬ್ಬಿನ ಮೇಲೆ ಟೇಪು ಸುತ್ತಿ ಅಳತೆ ತಗಳಿ. ಕೆನ್ನೆಗೆ ಒತ್ತಿರ್ಬೇಕು, ಹಣೆ ನೋಯಬಾರ್ದು, ಗದ್ದದ ಪಟ್ಟಿ ಬಿಗಿದು ತಲೆ ಆಡಿಸಿದ್ರೆ ಜಾರಬಾರ್ದು. ಗಾಳಿ ಆಡೋ ತೂತಿರೋದು, ಒಳಬಟ್ಟೆ ಬಿಚ್ಚಿ ಒಗೆಯಕ್ಕೆ ಬರೋದು ನೋಡಿ. ತುರುಬಿನ ಬದ್ಲು ಕತ್ತಿನ ಹತ್ರ ಸಡ್ಲ ಜಡೆ ಹಾಕ್ಕಳಿ. ಹಿತವಾಗಿಲ್ಲದ ಹೆಲ್ಮೆಟ್ ತಲೆ ಮೇಲೆ ನಿಲ್ಲಲ್ಲ, ಮೊಣಕೈಗೆ ನೇತಾಡುತ್ತೆ. ಮೊಣಕೈಲಿ ಐಎಸ್‌ಐ ಗುರ್ತು ಇದ್ದು ಏನು ಬಂತು?

ಸೀರೆ ಮಾತೂ ಆಡ್ಬೇಕು. ಹಿಂದೆ ಕೂತೋರ ಬಟ್ಟೆ ಸಿಗಾಕ್ಕಳ್ದಂಗೆ ಹಿಂದಿನ ಚಕ್ರದ ಅರ್ಧಾನಾದ್ರೂ ಮುಚ್ಚಿರ್ಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಐತೆ. ಬೈಕಿನ ಅಂದ ಕೆಡುತ್ತೆ ಅಂತ ನಮ್ಮ ಹುಡುಗ್ರು ಸ್ಯಾರಿ ಗಾರ್ಡ್ ಬಿಚ್ಚಿಸ್ತಾರೆ. ಅದೇ ಬೈಕಲ್ಲಿ ಅವ್ವನ್ನ ಕೂರಿಸ್ಕಂಡು ಹಳೇಬೀಡು, ಬೇಲೂರು ಅಂತ ಹೊರಡ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸ್ಕ ಅಂತ ಅವ್ವಂಗೇ ಬುದ್ಧಿವಾದ ಬೇರೆ! ಸೆರಗು ಅವ್ವ ಸಿಕ್ಕಿಸ್ಕಂತಾಳೆ ಕಣಪ್ಪ, ಬಿಚ್ಚಿದ್ದನ್ನ ನೀನು ಮೊದ್ಲು ಹಾಕ್ಸು.

ಈ ಸಲ ಕೊಬ್ರಿ ಮಾರಿದ ದುಡ್ಡಲ್ಲಿ ಬೈಕಿಗೆ ಸ್ಟಿಕ್ಕರ್ ಬೇಡ. ಹಿಂದೆ ಕೂರೋಳನ್ನ ಅಂಗಡಿಗೆ ಕರ್ಕಂಡು ಹೋಗಿ, ಅವಳ ತಲೆಗೇ ಹಾಕಿ ನೋಡಿ ತನ್ನಿ. ಬಿದ್ರೆ ಇಬ್ರೂ ಬೀಳೋದು ಒಂದೇ ರಸ್ತೆಗೆ.