ಕಡತದ ನಿಯಮ, ಕಣ್ಣಿನ ಇಷ್ಟ
ಮೂಡಿಗೆರೆ ತಾಲೂಕಿನ ‘ಗೋಣಿಬೀಡು’ ಎಂಬ ಹೆಸರನ್ನು ಯೂನಿಕೋಡ್‌ನಲ್ಲಿ 8 ಸಂಕೇತಗಳಲ್ಲೂ ಬರೆಯಬಹುದು, 11ರಲ್ಲೂ ಬರೆಯಬಹುದು; ‘ಗೋ’, ‘ಬೀ’ಗಳ ಸ್ವರಚಿಹ್ನೆಯನ್ನು ಇಡಿಯಾಗಿ ಇಡುವುದೋ ಬಿಡಿಸಿ ಇಡುವುದೋ ಎಂಬಷ್ಟೇ ವ್ಯತ್ಯಾಸ. ತೆರೆಯ ಮೇಲೆ ಎರಡೂ ಒಂದೇ. ಆದರೆ ಹಲವರು ಸೇರಿ ಕಟ್ಟುವ ಕನ್ನಡ ತಂತ್ರಾಂಶದಲ್ಲಿ ಹುಡುಕಾಟ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟೀತು; ಯಾರದೋ ಎಡಿಟರ್ ಉಳಿಸುವಾಗ ರೂಪ ಬದಲಿಸಿದರೆ, ಯಾರೂ ತಿದ್ದದ ಸಾಲನ್ನೂ ಗಿಟ್ ‘ಬದಲಾಗಿದೆ’ ಎಂದು ತೋರಿಸೀತು. ಹಾಗಾಗಿ ಎಡಿಟರ್ ಸೆಟ್ಟಿಂಗ್ ಅವರವರ ಖಾಸಗಿ ವಿಷಯ ಎಂಬ ವಾದ ಅರ್ಧ ಮಾತ್ರ ಸರಿ. ಅಕ್ಷರದ ಗಾತ್ರ, ಹಿನ್ನೆಲೆಯ ಬಣ್ಣ, ಕೆ.ಪಿ. ರಾವ್ ಕೀಲಿಮಣೆಯೋ ಇನ್‌ಸ್ಕ್ರಿಪ್ಟೋ ಎಂಬುದು ಬರೆಯುವವರ ಇಷ್ಟ. ಅದನ್ನೂ ಎಲ್ಲರ ಮೇಲೆ ಹೇರುವ ತಂಡಗಳಿವೆ, ಅದು ಬರೀ ಅಧಿಕಪ್ರಸಂಗ. ಯುಟಿಎಫ್-8, ಸಾಲಿನ ಕೊನೆಯ ಗುರುತು, ಟ್ಯಾಬೋ ಸ್ಪೇಸೋ ಎಂಬುದು ಮಾತ್ರ ಕಡತದೊಳಗೇ ಉಳಿಯುವುದರಿಂದ ಯೋಜನೆಗೆ ಸೇರಿದ್ದು. ಒಂದೇ ಎಡಿಟರ್ ಬಳಸಿ ಎಂದು ಕಟ್ಟಿಹಾಕಿದಂತಾಗದೇ? ಇಲ್ಲ; ಎಡಿಟರ್‌ಕಾನ್ಫಿಗ್ ಎಂಬ ಪುಟ್ಟ ಕಡತವನ್ನು ಬೇರೆ ಬೇರೆ ಎಡಿಟರ್‌ಗಳು ಓದುತ್ತವೆ, ವಿಎಸ್ ಕೋಡ್‌ಗೊಂದು ಎಕ್ಸ್‌ಟೆನ್ಷನ್ ಹಾಕಿಕೊಂಡರಾಯಿತು. ಕೋಡ್ ಒಪ್ಪಮಾಡಲು ಫಾರ್ಮ್ಯಾಟರ್ ಇದೆಯಲ್ಲ ಎನ್ನುವವರು ಅನುವಾದದ ಕಡತಗಳನ್ನು ಮರೆಯುತ್ತಾರೆ. ಕನ್ನಡ ಇರುವುದೇ ಅಲ್ಲಿ. ಸ್ವರಚಿಹ್ನೆಯ ಗೊಂದಲವನ್ನಂತೂ ಎಡಿಟರ್‌ಕಾನ್ಫಿಗ್ ಕೂಡ ಬಗೆಹರಿಸದು. ಕಡತ ಸೇರಿಸಿಕೊಳ್ಳುವ ಮುನ್ನ ಒಂದೇ ರೂಪಕ್ಕೆ ತರುವ ತಪಾಸಣೆ ಬೇರೆಯಾಗಿಯೇ ಬೇಕು. ಹಂಚಬಾರದ ಸೆಟ್ಟಿಂಗೂ ಒಂದಿದೆ: ಕಾಣದ ಅಕ್ಷರಗಳನ್ನೆಲ್ಲ ಅಳಿಸುವಂಥದ್ದು. ಅದು ‘ರ‍್ಯಾಂಕ್’ನೊಳಗಿನ ಜೋಡಣೆಯ ಗುರುತನ್ನು ಕಸವೆಂದು ಗುಡಿಸಿಹಾಕಿ ಅರ್ಕಾವತ್ತಿನ ‘ರ್ಯಾಂಕ್’ ಉಳಿಸುತ್ತದೆ.