ಬಿಡುಗಡೆ ಪತ್ರವೂ ನ್ಯಾಯಾಲಯದ ತೀರ್ಪೂ

ಕೊಳ್ಳೇಗಾಲದಿಂದ ಯಳಂದೂರಿಗೆ ಸುಮಾರು 10 ಮೈಲಿಯ ದಾರಿ. ಆದರೆ 1949ರಿಂದ 1955ರವರೆಗೆ ಈ ಸಣ್ಣ ದಾರಿ ನೊಂದ ಹೆಣ್ಣಿನ ಪಾಲಿಗೆ ಬಲು ದೊಡ್ಡ ಅಂತರವಾಗಿತ್ತೆಂದರೆ ವಾಚಕರಿಗೆ ಸೋಜಿಗವಾದೀತು. ಹನೂರನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರಿಗೆ ಸೇರಿತ್ತು. ದ್ವಿಪತ್ನೀತ್ವವನ್ನು ತಡೆದು, ಹಿಂದೂ ದಂಪತಿಗಳಿಗೆ ವಿಚ್ಛೇದನದ ಹಕ್ಕನ್ನಿತ್ತ ಶಾಸನವನ್ನು ಮದರಾಸು 1949ರಲ್ಲಿಯೇ ಮಾಡಿತು. ಮೈಸೂರಿನಲ್ಲಿ ಅಂಥ ಶಾಸನವಿರಲಿಲ್ಲ. 1955ರ ಮೇ 18ರಂದು ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದು ಎರಡು ಊರಿಗೂ ಒಂದೇ ನಿಯಮವಾಯಿತು. ಮರುವರ್ಷ ನವೆಂಬರ್ 1ರಂದು ಕೊಳ್ಳೇಗಾಲವೂ ಮೈಸೂರು ರಾಜ್ಯವನ್ನು ಸೇರಿತು.

ಗಡಿ ಅಳಿಯಿತು, ಒಂದು ತಪ್ಪು ತಿಳಿವಳಿಕೆ ಮಾತ್ರ ಅಳಿಯಲಿಲ್ಲ. ದಂಪತಿಗಳಲ್ಲಿ ವಿರಸ ಹುಟ್ಟುತ್ತದೆ. ಹಿರಿಯರು ಕುಳಿತು, ಒಡವೆ ವಸ್ತುಗಳನ್ನು ಹಿಂದಿರುಗಿಸಿ, ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಬರೆಸುತ್ತಾರೆ. ಇಬ್ಬರೂ ರುಜು ಹಾಕಿ ಬೇರೆಯಾಗುತ್ತಾರೆ. ಕೆಲವು ದಿನಗಳಲ್ಲಿ ಮತ್ತೊಂದು ಮದುವೆಯೂ ನಡೆದುಹೋಗುತ್ತದೆ.

ಆದರೆ ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. ಕುಲಾಚಾರದ ವಿಚ್ಛೇದನವನ್ನು ಕಾಯಿದೆಯ 29ನೆಯ ಕಲಮು ಉಳಿಸಿಕೊಟ್ಟಿದೆ, ನಿಜ. ಆದರೆ ಅಂಥ ಆಚಾರ ತಮ್ಮಲ್ಲಿ ಪುರಾತನವಾಗಿ, ಅವಿಚ್ಛಿನ್ನವಾಗಿ ನಡೆದುಬಂದಿದೆಯೆಂದು ರುಜುವಾತುಪಡಿಸುವ ಹೊಣೆ, ಅದನ್ನು ಆಶ್ರಯಿಸಿದವರದು. ರುಜುವಾತಾಗದಿದ್ದರೆ ಎರಡನೆಯ ಮದುವೆ ಅಸಿಂಧು. ಅಷ್ಟೇ ಅಲ್ಲ, 7 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಆ ಮದುವೆಯ ಮಕ್ಕಳನ್ನು ಕಾನೂನು ಔರಸರೆಂದೇ ಎಣಿಸುತ್ತದೆ. ಏನೂ ಅರಿಯದೆ ಕೈಹಿಡಿದು ಬಂದ ಹೆಣ್ಣಿಗೆ ಮಾತ್ರ ಪತ್ನಿಯ ಪಟ್ಟ ದೊರೆಯದು.

ಹಾಗಾದರೆ ದಾರಿ ಯಾವುದು? ಇಬ್ಬರಿಗೂ ಒಪ್ಪಿಗೆಯಿದ್ದರೆ, 1976ರಲ್ಲಿ ಸೇರಿಸಿದ ‘ಪರಸ್ಪರ ಸಮ್ಮತಿ’ಯ ವಿಚ್ಛೇದನವೇ ಸುಲಭ. 1 ವರ್ಷ ಬೇರೆ ಬಾಳಿರಬೇಕು. ಕೂಡಿ ಅರ್ಜಿ ಸಲ್ಲಿಸಬೇಕು. 6 ತಿಂಗಳ ಬಳಿಕ, 18 ತಿಂಗಳೊಳಗೆ ಮತ್ತೆ ಇಬ್ಬರೂ ಹಾಜರಾಗಿ ಒಪ್ಪಿಗೆಯನ್ನು ದೃಢಪಡಿಸಬೇಕು. ಈ 6 ತಿಂಗಳನ್ನು ತಕ್ಕ ಪ್ರಕರಣಗಳಲ್ಲಿ ಮನ್ನಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು.

ಒಬ್ಬರು ಒಪ್ಪದಿದ್ದರೆ ಕಾರಣವನ್ನು ಸಾಧಿಸಬೇಕಾಗುತ್ತದೆ: ಕ್ರೌರ್ಯ, ವ್ಯಭಿಚಾರ, ಸತತ 2 ವರ್ಷದ ಪರಿತ್ಯಾಗ, ಮತಾಂತರ, 7 ವರ್ಷ ಸುಳಿವೇ ಇಲ್ಲದಿರುವುದು ಮುಂತಾದವು. ವಿಶೇಷ ಸಂಕಷ್ಟವಿದ್ದ ಹೊರತು ಮದುವೆಯಾದ ಮೊದಲ ವರ್ಷದಲ್ಲಿ ಅರ್ಜಿಗೆ ಎಡೆಯಿಲ್ಲ. ಬಂಧ ಕಳಚದೆ ದೂರವಿರಬಯಸುವವರಿಗೆ ‘ನ್ಯಾಯಿಕ ಪ್ರತ್ಯೇಕತೆ’ ಎಂಬ ಬೇರೊಂದು ಮಾರ್ಗವುಂಟು.

ಮದುವೆ ನಡೆದ ಸ್ಥಳ, ದಂಪತಿಗಳು ಕಡೆಯದಾಗಿ ಕೂಡಿ ಬಾಳಿದ ಸ್ಥಳ, ಎದುರುಪಕ್ಷದವರು ವಾಸಿಸುವ ಸ್ಥಳ — ಇವುಗಳಲ್ಲಿ ಯಾವುದಕ್ಕೆ ಅಧಿಕಾರವುಳ್ಳ ನ್ಯಾಯಾಲಯದಲ್ಲಾದರೂ ಅರ್ಜಿ ಹಾಕಬಹುದು. 2003ರಿಂದ ಪತ್ನಿಯು ತಾನಿರುವ ಊರಿನ ಕಡೆಯೂ ಹಾಕಬಹುದು. ಬೆಂಗಳೂರಿನಿಂದ ಹನೂರಿನ ತವರಿಗೆ ಮರಳಿದ ಮಗಳು ಇದಕ್ಕಾಗಿ ಮತ್ತೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಲಗ್ನಪತ್ರಿಕೆ, ಛಾಯಾಚಿತ್ರ, ನೋಂದಣಿ ಪತ್ರ, ವಿಳಾಸದ ದಾಖಲೆ ಕೈಯಲ್ಲಿರಲಿ. ಮೊಕದ್ದಮೆ ನಡೆಯುವಾಗಲೇ ಜೀವನಾಂಶವನ್ನೂ ಖರ್ಚನ್ನೂ ಕೇಳಬಹುದು. ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ: 1987ರ ಕಾಯಿದೆಯಂತೆ ಹೆಣ್ಣಿಗೆ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಲ್ಲುತ್ತದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು. ತೀರ್ಪಾದ ಮೇಲೂ ಮೇಲ್ಮನವಿಯ 90 ದಿನ ಕಳೆಯುವವರೆಗೆ ಮರುಮದುವೆಯ ಮಾತು ಬೇಡ.

ಈ ನಿಯಮ ಎಲ್ಲರಿಗೂ ಅನ್ವಯಿಸದೆಂಬುದನ್ನೂ ನೆನೆಯಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆಮಹದೇಶ್ವರನ ಬೆಟ್ಟದ ಕಾಡಿನಲ್ಲಿಯೂ ಬಾಳುವ ಸೋಲಿಗರು ಪರಿಶಿಷ್ಟ ಬುಡಕಟ್ಟಿನವರು. ಸರ್ಕಾರ ಬೇರೆ ರೀತಿ ಪ್ರಕಟಿಸದ ಹೊರತು ಅಂಥವರಿಗೆ ಹಿಂದೂ ವಿವಾಹ ಕಾಯಿದೆ ತಾಗದು. ಅವರ ಕುಲಾಚಾರವೇ ಪ್ರಮಾಣ. ಕ್ರೈಸ್ತರಿಗೆ 1869ರ ಕಾಯಿದೆ, ಮುಸ್ಲಿಂ ಸ್ತ್ರೀಯರಿಗೆ 1939ರ ಕಾಯಿದೆ, ವಿಶೇಷ ವಿವಾಹವಾದವರಿಗೆ 1954ರದು.

ಹಿರಿಯರ ಮಾತು ಬೇಡವೆಂದು ಇದರ ಅರ್ಥವಲ್ಲ. ಮೊದಲು ರಾಜಿಗೆ ಯತ್ನಿಸಬೇಕೆಂದು ಕಾಯಿದೆಯೇ ನ್ಯಾಯಾಧೀಶರಿಗೆ ಹೇಳುತ್ತದೆ. ಮನಸ್ಸು ಕೂಡದಿದ್ದಾಗ ಒಡವೆ, ಮಕ್ಕಳು, ಜೀವನಾಂಶಗಳ ವಿಷಯವನ್ನು ಹಿರಿಯರು ಜಗುಲಿಯಲ್ಲಿಯೇ ಇತ್ಯರ್ಥಮಾಡಲಿ. ಆದರೆ ಆ ಒಪ್ಪಂದವನ್ನು ಪೆಟ್ಟಿಗೆಯಲ್ಲಿ ಮಡಿಸಿಡದೆ ನ್ಯಾಯಾಲಯಕ್ಕೆ ಒಯ್ಯಲಿ. ಮಗಳ ಕೈಗೆ ಬರಬೇಕಾದುದು ಛಾಪಾ ಕಾಗದವಲ್ಲ, ತೀರ್ಪಿನ ಪ್ರತಿ.